ನಲವತ್ತನಾಲ್ಕು ಮೆಟ್ಟಿಲು

ಫೆಬ್ರವರಿ ೪

ಎಲೈ ಕೆಂಜಿಗವೇ,

ಹೋದ ಮಂಗಳವಾರ ನಾನು ಒಂದು ರೈಲನ್ನು ಬರಿಗೈಯಲ್ಲಿ ನಿಲ್ಲಿಸಿದೆ. ಇಂಜಿನ್ನು ನನ್ನ ಅಂಗೈಗೆ ಒಂದು ಗೇಣು ದೂರದಲ್ಲಿ ನಿಂತು ಬುಸ್ಸೆಂದು ಉಸಿರು ಬಿಟ್ಟಿತು. ಚಾಲಕ ಇಳಿದು ಬಂದು ಕೈಮುಗಿದ. ಅದು ನಿಲ್ದಾಣ, ರೈಲು ಹೇಗಿದ್ದರೂ ಅಲ್ಲೇ ನಿಲ್ಲಬೇಕಿತ್ತು ಎಂದು ನಿನ್ನ ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ಅವಳ ಮಾತು ನಂಬಬೇಡ. ಮೂವತ್ತು ವರ್ಷದಿಂದ ನನ್ನ ಮೇಲೆ ಹೊಟ್ಟೆಕಿಚ್ಚು ಅವಳಿಗೆ.

ನೀನು ಮತ್ತೆ ಲಿಫ್ಟ್ ರಿಪೇರಿಯ ಕೆಲಸಕ್ಕೆ ಸೇರಿದ್ದೀಯೆಂದು ನಿನ್ನಮ್ಮ ಬಂದು ಹೇಳಿದಳು. ಹೇಳುತ್ತಾ ಅತ್ತಳು, ಅಳುತ್ತಾ ನಕ್ಕಳು. ನನ್ನ ಅಕ್ಕ ಯಾವಾಗಲೂ ಹಾಗೆ, ಒಂದು ಕೆಲಸ ನೆಟ್ಟಗೆ ಮಾಡಿದವಳಲ್ಲ. ಮೂರು ವರ್ಷ ಕೋರ್ಟಿನ ಬೆಂಚು ಸವೆಸಿದ್ದಾಯಿತು, ಆ ಕಟ್ಟಡದ ಮ್ಯಾನೇಜರ್ ಜೈಲಿಗೆ ಹೋದದ್ದಾಯಿತು, ಇನ್ನು ಹೊಸ ಊರು, ಹೊಸ ಕಂಪನಿ. ಒಳ್ಳೆಯದಾಯಿತು. ನಿನ್ನ ಕೈಗೆ ಗ್ರೀಸು ಹತ್ತದಿದ್ದರೆ ನಿನ್ನ ಮುಖಕ್ಕೆ ಕಳೆ ಇರುವುದಿಲ್ಲ ಎಂದು ನಾನು ಮೊದಲಿನಿಂದ ಹೇಳುತ್ತಿದ್ದೆ. ನಿನಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ ಗುರು ಯಾರು? ಈ ಸೈಕಲ್ ಅಂಗಡಿಯವನೇ ತಾನೆ?

ಅಲ್ಲಿ ಯಾರಿಗೂ ನೀನು ಯಾರೆಂದು ಗೊತ್ತಿಲ್ಲವಂತೆ. ಹಾಗೇ ಇರಲಿ. ಪತ್ರಿಕೆಯವರು ನಿನಗೆ ಅಂಟಿಸಿದ ಆ 'ಏಳನೇ ಮಹಡಿಯ ಹುಡುಗಿ' ಎಂಬ ಹೆಸರನ್ನು ಈ ಊರಿನಲ್ಲೇ ಬಿಟ್ಟು ಹೋಗಿದ್ದೀ ಎಂದುಕೋ.

ಒಂದು ಸಣ್ಣ ವಿಷಯ. ಯಾರಾದರೂ ನಿನಗೆ ಯಾವುದಾದರೂ ಹೊಸ ಪುಸ್ತಕ ಓದು ಎಂದರೆ ಓದಬೇಡ. ಈಗಿನ ಪುಸ್ತಕಗಳ ಅಕ್ಷರ ಬಹಳ ಸಣ್ಣ, ಕಣ್ಣು ಹಾಳಾಗುತ್ತದೆ. ಬೇರೆ ಏನೂ ಕಾರಣವಿಲ್ಲ.

ಫೋನು ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದೀ, ಆದ್ದರಿಂದ ಕಾಗದ. ಉತ್ತರ ಬರೆ.

ನಿನ್ನ ಶೂರ ಮಾವ

*

ಫೆಬ್ರವರಿ ೧೯

ಕೆಂಜಿಗ,

ನಾಲ್ಕೇ ಸಾಲು ಬರೆದಿದ್ದೀ, ಅದರಲ್ಲಿ ಮೂರು ಸಾಲು "ಯಾವ ಪುಸ್ತಕ?" ಎಂಬುದೇ. ಮುಚ್ಚಿಡುವ ಕಲೆ ನನಗೆ ಬರುವುದಿಲ್ಲವೆಂದು ನಿನಗೆ ಗೊತ್ತು. ಸರಿ, ಕೇಳು.

ಒಬ್ಬ ಲೇಖಕ ನಿನ್ನ ಕಥೆ ಬರೆದಿದ್ದಾನೆ. ನಿನ್ನ ಹೆಸರು ಹಾಕಿಲ್ಲ, ಹಾಕಿದರೆ ಜೈಲು. ಪುಸ್ತಕದ ಹೆಸರು ಮಾತ್ರ ಅದೇ, 'ಏಳನೇ ಮಹಡಿಯ ಹುಡುಗಿ'. ಮುಖಪುಟದಲ್ಲಿ ಒಂದು ಹೆಣ್ಣು ಮೊಣಕಾಲಿಗೆ ತಲೆ ಕೊಟ್ಟು ಕೂತಿದೆ. ನೀನು ಯಾವಾಗ ಹಾಗೆ ಕೂತಿದ್ದೆ, ನನಗೆ ನೆನಪಿಲ್ಲ. ಕೂರುವ ಜಾತಿಯೇ ಅಲ್ಲ ನೀನು.

ಹೆದರಬೇಡ. ನಿನ್ನ ಮಾವ ಬದುಕಿದ್ದಾನೆ. ಊರಿನ ಎರಡೂ ಅಂಗಡಿಗೆ ಹೋಗಿ ಇದ್ದಬದ್ದ ಪ್ರತಿಗಳನ್ನೆಲ್ಲ ಕೊಂಡುಬಿಟ್ಟೆ. ಪುಸ್ತಕವೇ ಇಲ್ಲದಿದ್ದರೆ ಓದುವವರು ಏನನ್ನು ಓದುತ್ತಾರೆ? ಈ ಉಪಾಯ ಯಾವ ವಕೀಲನಿಗೂ ಹೊಳೆಯಲಿಲ್ಲ ನೋಡು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ಬುದ್ಧಿ ಹೆಚ್ಚಾಗಿ.

ಅಂಗಡಿಯ ಹೆಂಗಸು ಕಣ್ಣು ಕಿರಿದು ಮಾಡಿ ಕೇಳಿದಳು:

"ಹತ್ತೂ ಒಂದೇ ಪುಸ್ತಕ ಅಲ್ವಾ ಯಜಮಾನ್ರೇ?"

"ಹತ್ತು ಜನ ಮೊಮ್ಮಕ್ಕಳಮ್ಮ. ಒಬ್ಬರಿಗೆ ಕೊಟ್ರೆ ಇನ್ನೊಬ್ಬರು ಗಲಾಟೆ ಮಾಡ್ತಾರೆ."

"ನಿಮಗೆ ಮಕ್ಕಳೇ ಇಲ್ಲ ಅಂತ ಅಕ್ಕಾವ್ರು ಹೇಳ್ತಿದ್ರು?"

"ಅದಕ್ಕೇ ಮೊಮ್ಮಕ್ಕಳ ಮೇಲೆ ಪ್ರೀತಿ ಜಾಸ್ತಿ."

ಹತ್ತು ಪ್ರತಿ, ಅಷ್ಟೇ. ಟ್ಯೂಬಿನ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಹಳೇ ಟಯರುಗಳ ಕೆಳಗೆ ಇಟ್ಟಿದ್ದೇನೆ. ನೀನು ನಿಶ್ಚಿಂತೆಯಿಂದ ಕೆಲಸ ಮಾಡು.

ನಿನ್ನ ಮಾವ

*

ಮಾರ್ಚ್ ೮

ಮಾವ,

ನಿನ್ನ ಕಾಗದ ಓದಿ ಮೆಷಿನ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಮೋಟರಿನ ಸದ್ದಿನಲ್ಲಿ ನಕ್ಕರೆ ಕೆಳಗೆ ಯಾರಿಗೂ ಕೇಳುವುದಿಲ್ಲ. ಅಷ್ಟು ಜೋರಾಗಿ ನಕ್ಕು ಎಷ್ಟು ದಿನವಾಗಿತ್ತೆಂದು ಲೆಕ್ಕ ಹಾಕಲು ಹೋಗಲಿಲ್ಲ.

ಈಗ ನೀನು ಕೂತುಕೊಂಡು ಓದು. ನನ್ನ ಜೊತೆ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಅವರನ್ನು ಗ್ರೀಸಣ್ಣ ಅನ್ನುತ್ತಾರೆ. ಮಾತು ಕಡಿಮೆ, ಓದು ಜಾಸ್ತಿ. ನಿನ್ನೆ ಊಟದ ಬಿಡುವಿನಲ್ಲಿ ಅವರ ಕೈಯಲ್ಲಿ ಆ ಪುಸ್ತಕವಿತ್ತು. ಮುಖಪುಟದ ಮೇಲೆ ಕೆಂಪು ಪಟ್ಟಿ, ಅದರೊಳಗೆ ಬಿಳಿ ಅಕ್ಷರ: "ಓದುಗರ ಭಾರಿ ಬೇಡಿಕೆಯ ಮೇರೆಗೆ ಒಂದೇ ತಿಂಗಳಲ್ಲಿ ಎರಡನೇ ಮುದ್ರಣ."

ಮಾವ, ಆ ಭಾರಿ ಬೇಡಿಕೆ ನೀನೇ.

ಹತ್ತು ಪ್ರತಿಗೆ ಯಾರೂ ಎರಡನೇ ಮುದ್ರಣ ಮಾಡುವುದಿಲ್ಲ. ನಿಜವಾಗಿ ಎಷ್ಟು ಕೊಂಡೆ? ಬೈಯುವುದಿಲ್ಲ, ಹೇಳು. ಕಳೆದ ಮೂರು ವರ್ಷ ನನ್ನ ಜೊತೆ ಎಲ್ಲರೂ ಗಾಜಿನ ಲೋಟ ಹಿಡಿದ ಹಾಗೆ ಮಾತಾಡಿದರು. ನಾನು ಊರು ಬಿಡುವವರೆಗೂ ಅಮ್ಮ ಬಾಗಿಲು ತಟ್ಟಿ, ಕೆಮ್ಮಿ, ಆಮೇಲೆ ನನ್ನ ರೂಮಿಗೆ ಬರುತ್ತಿದ್ದಳು. ನೀನೊಬ್ಬ ಬದಲಾಗಲಿಲ್ಲ. ನನ್ನ ಮುಂದೆ ಮೊದಲಿನಷ್ಟೇ ಸುಳ್ಳು ಹೇಳುತ್ತೀ. ಅದು ನನಗೆ ಎಷ್ಟು ದೊಡ್ಡದು ಎಂದು ನಿನಗೆ ಗೊತ್ತಾಗುವುದಿಲ್ಲ.

ಪುಸ್ತಕವನ್ನು ಓದಬಾರದು ಅಂದುಕೊಂಡಿದ್ದೆ. ಆದರೆ ಗ್ರೀಸಣ್ಣ ಆರನೇ ಅಧ್ಯಾಯ ಓದುತ್ತಾ ಕಣ್ಣು ಒರೆಸಿಕೊಂಡರು. ನನ್ನ ಕಥೆ ಓದಿ ನನ್ನ ಪಕ್ಕದಲ್ಲೇ ಒಬ್ಬರು ಅಳುವಾಗ ನಾನು ಬುತ್ತಿ ಬಿಚ್ಚಿ ತಿನ್ನುತ್ತಾ ಕೂರುವುದು ಹೇಗೆ? ಅವರು ಓದಿ ಮುಗಿಸಿದ ಮೇಲೆ ಕೇಳಿ ತರುತ್ತೇನೆ.

ಅತ್ತೆಗೆ ನೆನಪು ಹೇಳು.

ಕೆಂಜಿಗ

*

ಮಾರ್ಚ್ ೧೧

ಕೆಂಜಿಗ,

ಓದಬೇಡ. ಕಾಗದ ಕೈಗೆ ಬಂದ ಕೂಡಲೇ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಓದಿದರೂ ಐದನೇ ಅಧ್ಯಾಯದಿಂದ ಸೀದಾ ಏಳಕ್ಕೆ ಹೋಗು. ಆರನೆಯದರಲ್ಲಿ ಏನೂ ಇಲ್ಲ, ಬರೀ ಹವಾಮಾನ. ನಿನ್ನ ಕಾಲು ಹಿಡಿದು ಕೇಳುತ್ತೇನೆ. ನಿನ್ನ ಕಾಲು ಹಿಡಿಯಲು ನಾನೇನೂ ನಾಚುವವನಲ್ಲ, ನಿನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು.

ಮಾವ

*

ಮಾರ್ಚ್ ೨೦

ಮಾವನವರಿಗೆ,

ನಿಮ್ಮ ಕಾಗದ ತಲುಪಿತು. ಅಷ್ಟರಲ್ಲಿ ಓದಿಯಾಗಿತ್ತು.

ಆರನೇ ಅಧ್ಯಾಯದಲ್ಲಿ ಹವಾಮಾನ ಇಲ್ಲ. ನೀವಿದ್ದೀರಿ. ಹುಡುಗಿ ಏಳನೇ ಮಹಡಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿರುತ್ತಾಳೆ. ಸುದ್ದಿ ಸಿಕ್ಕ ಸೋದರಮಾವ ಸೈಕಲ್ ತುಳಿದುಕೊಂಡು ಓಡಿಬರುತ್ತಾನೆ. ಲಿಫ್ಟ್ ಕೆಟ್ಟಿರುತ್ತದೆ. ಒಂದೇ ಉಸಿರಿಗೆ ಏಳು ಮಹಡಿ ಹತ್ತಿ, ಅವಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಇಳಿದು ಬರುತ್ತಾನೆ. "ಅವಳು ಒಂದು ಹೂವಿನಷ್ಟು ಹಗುರವಿದ್ದಳು" ಎಂದು ನೀವು ಹೇಳಿದ್ದೀರಂತೆ. ಓದಿದವರು ಅಳುವುದು ಅಲ್ಲಿಯೇ.

ಲಿಫ್ಟ್ ಕೆಟ್ಟಿರಲಿಲ್ಲ. ಸರ್ವಿಸಿಗೆಂದು ನಾನೇ ಮೇನ್ ಸ್ವಿಚ್ ಆಫ್ ಮಾಡಿ ಬೋರ್ಡು ತಗಲಿಸಿದ್ದೆ.

ಅದು ನಡೆದದ್ದು ಐದನೇ ಮಹಡಿಯಲ್ಲಿ. ಖಾಲಿ ಆಫೀಸು. ಆಮೇಲೆ ಆ ಮ್ಯಾನೇಜರ್ ಕೆಳಗೆ ಹೋದ, ಬೂಟಿನ ಸದ್ದು ಕೇಳುತ್ತಿತ್ತು. ಕೆಳಗೆ ಅವನಿದ್ದ, ಆದ್ದರಿಂದ ನಾನು ಮೇಲೆ ಹೋದೆ. ರಜೆಯ ದಿನವಾದರೂ ಏಳನೇ ಮಹಡಿಯ ಲೆಕ್ಕಪತ್ರದ ಆಫೀಸಿನಲ್ಲಿ ಜನ ಕೆಲಸ ಮಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು, ಬೆಳಿಗ್ಗೆ ನೋಡಿದ್ದೆ. ಒಂದು ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ನಲವತ್ತನಾಲ್ಕು ಮೆಟ್ಟಿಲು ಹತ್ತಿದೆ. ಕೆಲವನ್ನು ಕೈಯೂರಿ ಹತ್ತಿದೆ. ಒಂದೊಂದನ್ನೂ ಎಣಿಸಿದೆ, ಎಣಿಸುವುದು ನಿಲ್ಲಿಸಿದರೆ ಅಲ್ಲೇ ಕೂತುಬಿಡುತ್ತೇನೆಂದು ಗೊತ್ತಿತ್ತು. ಬಾಗಿಲು ತಟ್ಟಿದೆ. ಒಬ್ಬ ಹೆಂಗಸು ತೆಗೆದಳು. ಪೊಲೀಸರಿಗೆ ಫೋನ್ ಮಾಡಿದ್ದು ನಾನೇ, ನನ್ನ ಬಾಯಿಂದಲೇ.

ಯಾರೋ ಏಳನೇ ಮಹಡಿಯಲ್ಲಿ ನನ್ನನ್ನು ಕಂಡುಹಿಡಿಯಲಿಲ್ಲ. ಏಳನೇ ಮಹಡಿಗೆ ನಾನು ಹೋದೆ. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆದದ್ದರಿಂದ ಇದು ನ್ಯಾಯಾಧೀಶರಿಗೆ ಗೊತ್ತು, ಅಮ್ಮನಿಗೆ ಗೊತ್ತು, ನಿಮಗೆ ಗೊತ್ತು. ಹೊರಗೆ ಯಾರಿಗೂ ಗೊತ್ತಿಲ್ಲ.

ಆ ದಿನ ಅವನು ನನ್ನಿಂದ ಏನೆಲ್ಲ ಕಿತ್ತುಕೊಂಡನೋ ಅದನ್ನು ಪತ್ರಿಕೆಯವರು ಸಾವಿರ ಸಲ ಬರೆದಿದ್ದಾರೆ. ನನ್ನ ಹತ್ತಿರ ಉಳಿದದ್ದು ಆ ನಲವತ್ತನಾಲ್ಕು ಮೆಟ್ಟಿಲು. ಅದನ್ನು ನೀವು ತೆಗೆದುಕೊಂಡಿರಿ.

ಏಪ್ರಿಲ್ ಹನ್ನೆರಡಕ್ಕೆ ಆ ಲೇಖಕರು ಇಲ್ಲಿನ ವಾಚನಾಲಯದಲ್ಲಿ ಆರನೇ ಅಧ್ಯಾಯವನ್ನು ಓದಿ ಹೇಳುತ್ತಾರಂತೆ. ಹೋಗುತ್ತೇನೆ. ನೀವು ಉತ್ತರ ಬರೆಯಬೇಕಾಗಿಲ್ಲ.

ನಿಮ್ಮ ಅಕ್ಕನ ಮಗಳು

*

ಏಪ್ರಿಲ್ ೨

ಮಗಳೇ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ಮೊದಲು ಎರಡು ಕಾಗದ ಬರೆದು ಹರಿದೆ, ಎರಡರಲ್ಲೂ ನಾನು ಬಹಳ ಚೆನ್ನಾಗಿ ಕಾಣುತ್ತಿದ್ದೆ.

ನೀನು ಹುಟ್ಟಿದಾಗಿನಿಂದ ನನಗೆ 'ನೀವು' ಅಂದವಳಲ್ಲ. ಕೆನ್ನೆಗೆ ಹೊಡೆದಿದ್ದರೆ ಎರಡು ದಿನಕ್ಕೆ ಉರಿ ಇಳಿಯುತ್ತಿತ್ತು.

ಆ ಲೇಖಕ ಹೋದ ವರ್ಷ ಒಂದು ಮಧ್ಯಾಹ್ನ ಅಂಗಡಿಗೆ ಬಂದ. ಪಂಚರ್ ಇರಲಿಲ್ಲ, ಆದರೂ ಕೂತ. ಚಹಾ ತರಿಸಿದ. ನನ್ನ ಮಾತಿಗೆ ನಕ್ಕ. ಈ ಊರಿನಲ್ಲಿ ನನ್ನ ಮಾತಿಗೆ ಈಗ ಯಾರೂ ನಗುವುದಿಲ್ಲ, ಎಲ್ಲರೂ ಎಲ್ಲವನ್ನೂ ಕೇಳಿಯಾಗಿದೆ. ನಿನ್ನ ಬಾಲ್ಯ ಕೇಳಿದ, ಹೇಳಿದೆ. ಸುಳ್ಳೇನೂ ಹೇಳಲಿಲ್ಲ, ಬಣ್ಣ ಸ್ವಲ್ಪ ಹಚ್ಚಿದೆ. ಆಮೇಲೆ ಮೆಲ್ಲಗೆ ಕೇಳಿದ:

"ಆವತ್ತು ನೀವೆಲ್ಲಿದ್ರಿ?"

ಅದೊಂದು ಪ್ರಶ್ನೆ ಕೇಳದೇ ಹೋಗಿದ್ದರೆ ನಾನು ಈಗಲೂ ನಿನ್ನ ಮಾವನಾಗಿರುತ್ತಿದ್ದೆ.

ಆವತ್ತು ನಾನೆಲ್ಲಿದ್ದೆ ಎಂದು ನಿನಗೆ ಹೇಳಿಲ್ಲ. ನೀನೂ ಕೇಳಲಿಲ್ಲ. ಪೊಲೀಸರಿಗಿಂತ ಮೊದಲು ನೀನು ನನಗೆ ಫೋನ್ ಮಾಡಿದ್ದೆ. ಆ ಲೆಕ್ಕಪತ್ರದ ಆಫೀಸಿನ ಫೋನು, ನನಗೆ ಗೊತ್ತಿಲ್ಲದ ನಂಬರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ಪೀಟು ನಡೆಯುತ್ತಿತ್ತು. ಕೈಯಲ್ಲಿ ಒಳ್ಳೆಯ ಎಲೆ ಬಂದಿತ್ತು, ನಾನು ಹಳೆಯ ಕಥೆ ಒಂದನ್ನು ಹೇಳುತ್ತಾ ಎಲ್ಲರನ್ನೂ ನಗಿಸುತ್ತಿದ್ದೆ. ಫೋನು ಮೇಜಿನ ಮೇಲೆ ಬಡಿದುಕೊಂಡಿತು. "ಎತ್ತೋ ಮಾರಾಯ" ಎಂದು ಎದುರಿನವನು ಹೇಳಿದ. "ಸಾಲದ ಕಂಪನಿಯವರು, ಬಡ್ಕೊಳ್ಳಲಿ ಬಿಡು" ಅಂದೆ. ಮೂರು ಸಲ ಬಂತು. ಮೂರನೆಯದಕ್ಕೆ ಫೋನನ್ನು ಬೋರಲು ಹಾಕಿದೆ.

ನೀನಿದ್ದ ಆಸ್ಪತ್ರೆಗೆ ನಾನು ಬಂದದ್ದು ಮರುದಿನ, ಬಸ್ಸಿನಲ್ಲಿ, ನಿನ್ನ ಅತ್ತೆಯ ಹಿಂದೆ ಹಿಂದೆ. ನೀನು ಕಣ್ಣು ತೆರೆದು ನನ್ನನ್ನು ನೋಡಿ "ಬಂದ್ಯಾ ಮಾವ" ಅಂದೆ. ಅಷ್ಟೇ. ಮೂರು ವರ್ಷ ಕಾದೆ, ಕೇಳುತ್ತೀಯೇನೋ ಎಂದು. ಕೇಳಿದ್ದರೆ ಒಂದು ಸುಳ್ಳು ಸಿದ್ಧ ಮಾಡಿಕೊಂಡಿದ್ದೆ. ನೀನು ಕೇಳದ್ದರಿಂದ ಆ ಸುಳ್ಳು ಒಳಗೇ ಉಳಿದು ಬೆಳೆಯಿತು. ಅವನು ಕೇಳಿದ ತಕ್ಷಣ ಹೊರಗೆ ಬಂತು: ಫೋನು ಎತ್ತಿದೆ, ಸೈಕಲ್ ಹತ್ತಿದೆ, ಏಳು ಮಹಡಿ ಏರಿದೆ. ಹೇಳುತ್ತಾ ಹೇಳುತ್ತಾ ನನಗೆ ಕಣ್ಣೀರು ಬಂತು. ಬರೀ ಮಾತಿನಲ್ಲಾದರೂ ನಾನು ಬಂದುಬಿಟ್ಟೆನಲ್ಲ ಅನ್ನಿಸಿತು. ನಿನ್ನ ಮೆಟ್ಟಿಲುಗಳ ಮೇಲೆ ಕಾಲಿಡುತ್ತಿದ್ದೇನೆ ಎಂದು ಆಗ ಹೊಳೆಯಲೇ ಇಲ್ಲ.

ಅಚ್ಚಾಗಿ ಬಂದ ಮೇಲೆ ಹೊಳೆಯಿತು. ಪುಸ್ತಕ ಕೊಂಡದ್ದು ನಿನ್ನನ್ನು ಕಾಪಾಡಲು ಎಂದೆನಲ್ಲ, ಅದೂ ಸುಳ್ಳು. ನಿನ್ನ ಕೈಗೆ ಸಿಗದಿರಲಿ ಎಂದು ಕೊಂಡೆ.

ಮಾವ

*

ಏಪ್ರಿಲ್ ೧೪

ಮಾವನವರಿಗೆ,

ನೀವು ಫೋನು ಎತ್ತಲಿಲ್ಲ ಎಂಬುದು ನನಗೆ ಗೊತ್ತಿತ್ತು. ಏಕೆ ಎಂದು ಗೊತ್ತಿರಲಿಲ್ಲ. ಕೇಳಿದರೆ ನೀವು ಸುಳ್ಳು ಹೇಳುತ್ತೀರಿ, ನಾನು ನಂಬಿದ ಹಾಗೆ ಮಾಡಬೇಕಾಗುತ್ತದೆ ಎಂದು ಕೇಳಲಿಲ್ಲ. ಆ ವಿಷಯ ಈಗ ಬೇಡ.

ವಾಚನಾಲಯಕ್ಕೆ ಹೋಗಿದ್ದೆ. ನೂರು ಕುರ್ಚಿ ಹಾಕಿದ್ದರು, ಎಲ್ಲವೂ ತುಂಬಿದ್ದವು. ಗ್ರೀಸಣ್ಣ ನನ್ನ ಪಕ್ಕದಲ್ಲಿ ಕೂತಿದ್ದರು, ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಬೇಕೆಂದು ಬಂದಿದ್ದರು. ಲೇಖಕರು ಚೆನ್ನಾಗಿ ಓದುತ್ತಾರೆ. ಮಾವ ಮೆಟ್ಟಿಲು ಹತ್ತುವ ಕಡೆ ದನಿ ತಗ್ಗಿಸಿದರು. ಎಲ್ಲೋ ಯಾರೋ ಅಳುತ್ತಾ ಮೂಗೆಳೆದುಕೊಂಡ ಸದ್ದು ಬಂತು.

ನಾನು ಎದ್ದು ನಿಂತೆ. ಏನು ಹೇಳಬೇಕೆಂದು ವಾರದಿಂದ ಯೋಚಿಸಿದ್ದೆಲ್ಲ ಮರೆತುಹೋಯಿತು.

"ಐದನೇ ಮಹಡಿ," ಅಂದೆ.

"ಏನಮ್ಮ?"

"ನಡೆದದ್ದು ಐದನೇ ಮಹಡೀಲಿ. ಏಳಕ್ಕೆ ಅವಳೇ ಹತ್ತಿದ್ಲು. ಯಾರೂ ಎತ್ಕೊಂಡು ಬರ್ಲಿಲ್ಲ."

ಅವರು ಸಿಟ್ಟಾಗಲಿಲ್ಲ, ಬಹಳ ಮರ್ಯಾದೆಯಿಂದ ಕೇಳಿದರು, "ನಿಮಗೆ ಹೇಗೆ ಗೊತ್ತು? ನೀವು ಯಾರು?"

"ಲಿಫ್ಟ್ ಮೆಕ್ಯಾನಿಕ್," ಅಂದೆ. "ಆವತ್ತು ಆ ಲಿಫ್ಟಿನ ಸ್ವಿಚ್ ಆಫ್ ಮಾಡಿದ್ದು ನಾನು."

ಅರ್ಥವಾದವರಿಗೆ ಅರ್ಥವಾಯಿತು. ಹಿಂದಿನ ಸಾಲಿನಿಂದ ಒಬ್ಬರು "ಕೂತ್ಕೊಳಮ್ಮ, ಪಾಪ, ಯಾಕೆ ಇದೆಲ್ಲ" ಅಂದರು. ಲೇಖಕರ ಮುಖ ಬಿಳಿಚಿಕೊಂಡಿತು, ಆದರೆ ಬಾಯಿ ನಿಲ್ಲಲಿಲ್ಲ. "ನಿಮ್ಮ ನೋವು ನನಗೆ ಅರ್ಥವಾಗುತ್ತೆ. ಆ ಪರಿಸ್ಥಿತೀಲಿ ನೆನಪು ಕೈಕೊಡುತ್ತೆ, ಅದು ಸಹಜ. ನಿಮ್ಮ ಮಾವನವರೇ ಹೇಳಿದ್ದಾರೆ, ರೆಕಾರ್ಡಿಂಗ್ ಇದೆ."

ಜನ ತಲೆಯಾಡಿಸಿದರು, ಮಾವ. ನನ್ನ ಕಡೆ ಕನಿಕರದಿಂದ ನೋಡುತ್ತಾ, ನಿಮ್ಮ ಮಾತಿಗೆ ತಲೆಯಾಡಿಸಿದರು. ಕೋರ್ಟಿನಲ್ಲಿ ಅವನ ವಕೀಲ ಎರಡು ದಿನ ಇದನ್ನೇ ಹೇಳಿದ್ದ, ನನ್ನ ನೆನಪು ಸರಿಯಿಲ್ಲವೆಂದು. ಅಲ್ಲಿ ಗೆದ್ದು ಬಂದೆ. ಇಲ್ಲಿ ನಿಮ್ಮಿಂದ ಸೋತೆ.

ಹೊರಗೆ ಬಂದೆ. ಗ್ರೀಸಣ್ಣನೂ ಬಂದರು. ಸಹಿ ಹಾಕಿಸಿಕೊಂಡಿರಲಿಲ್ಲ. ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದರು. ಬಸ್ಸು ಬಂದಾಗ, "ನಾಳೆ ಬ್ಯಾಂಕಿನ ಕಟ್ಟಡದಲ್ಲಿ ಲಿಫ್ಟಿನ ಹಗ್ಗ ಬದಲಾಯಿಸ್ಬೇಕು. ಮೇಲಿನ ಕೆಲಸ ನೀನು ನೋಡ್ಕೋ, ನಂಗೆ ಮಂಡಿ ನೋವು," ಅಂದರು. ಅಲ್ಲಿಯವರೆಗೆ ಅವರು ಮೇಲಿನ ಕೆಲಸ ಯಾರಿಗೂ ಬಿಟ್ಟವರಲ್ಲ.

ನನಗೆ ನಿಮ್ಮ ಪಶ್ಚಾತ್ತಾಪ ಬೇಡ. ನನಗೆ ಬರೆದರೆ ನನಗೊಬ್ಬಳಿಗೆ ಗೊತ್ತಾಗುತ್ತದೆ, ನನಗೆ ಮೊದಲೇ ಗೊತ್ತು. ಪ್ರಕಾಶಕರಿಗೆ ಬರೆಯಿರಿ. ನಿಮ್ಮ ಹೆಸರು ಹಾಕಿ, ಸಹಿ ಮಾಡಿ. ಪುಸ್ತಕ ಬಂದ ಮೇಲೆ ಪಕ್ಕದ ಊರಿನವರೂ ನಿಮ್ಮನ್ನು ನೋಡಲು ಅಂಗಡಿಗೆ ಬರುತ್ತಾರೆ, ವ್ಯಾಪಾರಿ ಸಂಘದವರು ಸನ್ಮಾನ ಮಾಡಿದರು ಎಂದು ಅಮ್ಮ ಹೇಳಿದಳು. ಅದನ್ನು ನೀವೆಲ್ಲ ನನ್ನಿಂದ ಮುಚ್ಚಿಟ್ಟಿದ್ದಿರಿ ಅಂತಲೂ ಹೇಳಿದಳು. ಅದೆಲ್ಲ ಹೋಗುತ್ತದೆ. ಆದರೂ ಬರೆಯಬೇಕು.

ಬರೆಯುವ ಮನಸ್ಸಿಲ್ಲದಿದ್ದರೆ ಇನ್ನು ಮುಂದೆ ಕಾಗದ ಹಾಕಬೇಡಿ.

ನಿಮ್ಮ ಅಕ್ಕನ ಮಗಳು

*

ಮೇ ೨೩

ಮಗಳೇ,

ಐದು ವಾರ ಸುಮ್ಮನಿದ್ದೆ. ಅದರಲ್ಲಿ ಮೊದಲ ಎರಡು ವಾರ ಹೇಡಿತನ. ಉಳಿದದ್ದು ಕೆಲಸ.

ಪ್ರಕಾಶಕರ ಹತ್ತಿರ ನಾನೇ ಹೋದೆ. ದೊಡ್ಡ ಮೇಜು, ಸಣ್ಣ ಮನುಷ್ಯ. ನಾನು ಒಳಗೆ ಬಂದ ಕೂಡಲೇ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು, ಆರನೇ ಅಧ್ಯಾಯದ ಹೀರೋ ಅಲ್ಲವೇ. ಕೂರಲಿಲ್ಲ. ಬರೆದು ತಂದದ್ದನ್ನು ಕೊಟ್ಟೆ. ಅದರ ನಕಲು ಇದು:

"ನಾನು ಆ ದಿನ ಆ ಕಟ್ಟಡಕ್ಕೆ ಹೋಗಿರಲಿಲ್ಲ. ನನ್ನ ಅಕ್ಕನ ಮಗಳು ನನಗೆ ಮೂರು ಸಲ ಫೋನ್ ಮಾಡಿದಳು. ನಾನು ಇಸ್ಪೀಟು ಆಡುತ್ತಿದ್ದೆ, ಎತ್ತಲಿಲ್ಲ. ಅವಳು ಐದನೇ ಮಹಡಿಯಿಂದ ಏಳನೇ ಮಹಡಿಗೆ ತಾನೇ ಹತ್ತಿ ಹೋಗಿ, ಬಾಗಿಲು ತಟ್ಟಿ, ಪೊಲೀಸರನ್ನು ಕರೆಸಿದಳು. ಲೇಖಕರಿಗೆ ನಾನು ಹೇಳಿದ್ದು ಪೂರ್ತಿ ಸುಳ್ಳು. ಅವಳ ನೆನಪು ಸರಿಯಾಗಿದೆ."

ಕೊನೆಯ ಸಾಲು ವಕೀಲರನ್ನು ಕೇಳಿ ಬರೆದದ್ದಲ್ಲ, ನಾನೇ ಹಾಕಿದ್ದು.

ಅವರು ಎರಡು ಸಲ ಓದಿದರು. "ಇದು ಹೊರಗೆ ಬಂದ್ರೆ ನಿಮ್ಮ ಮರ್ಯಾದೆ ಏನಾಗುತ್ತೆ ಗೊತ್ತಾ?" ಅಂದರು. "ಗೊತ್ತು ಸ್ವಾಮಿ, ಅದಕ್ಕೇ ಎರಡು ವಾರ ತಡವಾಯ್ತು," ಅಂದೆ. ಅಂಗಡಿಗಳಲ್ಲಿ ಉಳಿದ ಪ್ರತಿಗಳನ್ನು ವಾಪಸು ತರಿಸಿದ್ದಾರೆ. ಮತ್ತೆ ಅಚ್ಚು ಹಾಕಿದರೆ ಆರನೇ ಅಧ್ಯಾಯ ಇರುವುದಿಲ್ಲ, ಆ ಜಾಗದಲ್ಲಿ ನನ್ನ ಈ ಕಾಗದ ಇರುತ್ತದೆ. ಪುಸ್ತಕದ ಹೆಸರನ್ನೂ ನಿನ್ನನ್ನು ಕೇಳದೆ ಇಡುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಲೇಖಕ ನಿನಗೆ ಕಾಗದ ಹಾಕುತ್ತಾನಂತೆ. ಓದುವುದು ಬಿಡುವುದು ನಿನ್ನಿಷ್ಟ. ನೀನು ಬೇಡವೆಂದರೆ ಪುಸ್ತಕವೇ ಬರುವುದಿಲ್ಲ.

ಊರಿಗೆ ಬಂದು, ಪೇಪರಿನಲ್ಲಿ ಬರುವ ಮೊದಲು ನಾನೇ ಹೇಳಬೇಕೆಂದು, ಚಹಾದ ಅಂಗಡಿಯಲ್ಲಿ ಎಲ್ಲರೂ ಇರುವಾಗ ಅದನ್ನೇ ಗಟ್ಟಿಯಾಗಿ ಓದಿದೆ. ಮೊದಲು ತಮಾಷೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲವಾದ್ದರಿಂದ ನಗು ಒಂದೊಂದಾಗಿ ನಿಂತಿತು.

"ಅಂದ್ರೆ ನೀನು ಹೋಗೇ ಇರ್ಲಿಲ್ವಾ?"

"ಇಲ್ಲ."

"ಫೋನ್ ಬಂದಿದ್ದು ನಿಜಾನಾ?"

"ನಿಜ."

ಆಗ ಆವತ್ತು ಎದುರಿಗೆ ಕೂತು ಆಡುತ್ತಿದ್ದವನು ಲೋಟ ಕೆಳಗಿಟ್ಟು, "ನಂಗೆ ಗೊತ್ತಿತ್ತು ಕಣೋ. ನೀನು ಸನ್ಮಾನ ಮಾಡಿಸ್ಕೊಳ್ಳುವಾಗ ಚಪ್ಪಾಳೆ ತಟ್ಟಿದ್ನಲ್ಲ, ಅದಕ್ಕೆ ನನ್ನ ಕೈ ಇನ್ನೂ ಉರೀತಿದೆ," ಎಂದ. ಎದ್ದು ಹೋದ. ಅವನ ಹಿಂದೆ ಇನ್ನಿಬ್ಬರು. ಸಂಘದವರು ಕೊಟ್ಟ ಫಲಕವನ್ನು ಮರುದಿನ ನಾನೇ ಹೋಗಿ ಕೊಟ್ಟುಬಂದೆ. ಪಂಚರಿಗೆ ಈಗ ಜನ ಆ ತುದಿಯ ಅಂಗಡಿಗೆ ಹೋಗುತ್ತಾರೆ. ನಿನ್ನ ಅತ್ತೆ ಒಂಬತ್ತು ದಿನ ಮಾತಾಡಲಿಲ್ಲ. ಹತ್ತನೆಯ ದಿನ, "ನಾನು ಪಕ್ಕದ ಮನೇಲಿದ್ದೆ. ಫೋನು ಬಂದಿದೆ ಅಂತ ಒಂದು ಕೂಗು ಹಾಕಿದ್ರೆ ನಾನು ಎತ್ತಿರ್ತಿದ್ದೆ," ಎಂದಳು.

ನಿನ್ನೆ ನಿನ್ನ ಕಾರ್ಡು ಬಂತು. ಪ್ರಕಾಶಕರು ನಿನಗೂ ಬರೆದಿದ್ದಾರೆಂದು ಅದರಿಂದ ತಿಳಿಯಿತು. ಉಳಿದಂತೆ ಒಂದೇ ಸಾಲು: "ಮಾವ, ಪುಸ್ತಕಕ್ಕೆ ಒಟ್ಟು ಎಷ್ಟು ಸುರಿದೆ? ಈ ಸಲ ನಿಜ ಹೇಳು." ಆ ಕಾರ್ಡನ್ನು ಎಷ್ಟು ಸಲ ಓದಿದೆನೆಂದು ಮಾತ್ರ ಹೇಳುವುದಿಲ್ಲ.

ನಿನ್ನ ಅತ್ತೆಗೆ ಎರಡು ಸಾವಿರ ಎಂದಿದ್ದೆ. ನಿನ್ನಮ್ಮನಿಗೆ ಐದು ಎಂದೆ. ನಿನಗೆ ಹತ್ತು ಪ್ರತಿ ಎಂದು ಬರೆದೆ. ನಿಜ ಇದು: ಆರು ಊರು ಬಸ್ಸಿನಲ್ಲಿ ತಿರುಗಿದೆ. ಮೊದಲ ಮುದ್ರಣದ್ದು ಇನ್ನೂರ ಹದಿನಾಲ್ಕು ಪ್ರತಿ. ನೀನು ಎರಡನೇ ಮುದ್ರಣದ ಸುದ್ದಿ ಬರೆದ ಮೇಲೂ ಬುದ್ಧಿ ಬರಲಿಲ್ಲ, ಅದರದ್ದು ತೊಂಬತ್ತೆಂಟು. ಒಟ್ಟು ಮುನ್ನೂರ ಹನ್ನೆರಡು, ತಲಾ ಇನ್ನೂರ ನಲವತ್ತು. ಅಂಗಡಿಯ ಗಾಳಿ ತುಂಬುವ ಕಂಪ್ರೆಸರ್ ಮಾರಿದೆ, ಕೂಡಿಟ್ಟದ್ದನ್ನು ಒಡೆದೆ. ಈಗ ಕೈಪಂಪು. ಪ್ರಕಾಶಕರು ನನ್ನ ಪ್ರತಿಗಳನ್ನು ವಾಪಸು ತೆಗೆದುಕೊಳ್ಳುತ್ತೇವೆ, ಹಣ ಕೊಡುತ್ತೇವೆ ಎಂದರು. ನಾನೇ ಬೇಡವೆಂದೆ. ಅವನ್ನು ರದ್ದಿಗೂ ಕೊಡದೆ ದಿನಕ್ಕೆ ಹತ್ತರಂತೆ ಆರನೇ ಅಧ್ಯಾಯದ ಹಾಳೆ ಕಿತ್ತು ಸುಡುತ್ತಿದ್ದೇನೆ.

ನಾನು ಕಳೆದುಕೊಂಡ ಹಣ ಎಪ್ಪತ್ತನಾಲ್ಕು ಸಾವಿರದ ಎಂಟುನೂರ ಎಂಬತ್ತು. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮಾವ